ಮನೆಯನ್ನು ಅಡವಿಟ್ಟು ಚಿತ್ರ ತೆಗೆದ ನಟ

1957ರ ಒಂದು ರಾತ್ರಿ ನ್ಯೂಯಾರ್ಕಿನ ಬಾನುಲಿಯಲ್ಲಿ ಯುವನಟನೊಬ್ಬನು ಶ್ರೋತೃಗಳ ಮುಂದೆ ವಿಚಿತ್ರವಾದ ಬೇಡಿಕೆಯೊಂದನ್ನಿಟ್ಟನು. ಸಾಮಾನ್ಯರ ಬಾಳನ್ನು ಇದ್ದಂತೆಯೇ ತೋರಿಸುವ ಚಿತ್ರ ಬೇಕೆನ್ನುವವರು ಒಂದೆರಡು ಡಾಲರು ಕಳುಹಿಸಿದರೆ ಅಂಥದೊಂದನ್ನು ತಾನು ತೆಗೆಯುವೆನೆಂದನು. ಕೆಲವೇ ದಿನಗಳಲ್ಲಿ ಸುಮಾರು 2,000 ಡಾಲರು ಕೂಡಿತು. ಚಿತ್ರಕ್ಕೆ ಅದು ಪುಡಿಗಾಸೇ ಸರಿ. ಆದರೆ ಹಾಲಿವುಡ್ಡಿನ ಅಪ್ಪಣೆಯಿಲ್ಲದೆಯೂ ಸಿನಿಮಾ ತೆಗೆಯಬಹುದೆಂಬ ಧೈರ್ಯ ಜಾನ್ ಕ್ಯಾಸವೆಟೀಸನಿಗೆ ಬಂದಿತು.

ಗ್ರೀಸ್ ಮೂಲದ ಕುಟುಂಬದಲ್ಲಿ 1929ರಲ್ಲಿ ಹುಟ್ಟಿದ ಈತನು ಟೆಲಿವಿಷನ್ ನಾಟಕಗಳಲ್ಲಿ ಹೆಸರು ಮಾಡಿದ್ದನು. 1954ರಲ್ಲಿ ನಟಿ ಜೀನಾ ರೋಲೆಂಡ್ಸಳ ಕೈಹಿಡಿದಿದ್ದನು. ತನ್ನ ಅಭಿನಯ ಶಾಲೆಯ ಶಿಷ್ಯರನ್ನೇ ಕಟ್ಟಿಕೊಂಡು 16 ಮಿ.ಮೀ. ಕ್ಯಾಮರಾದಲ್ಲಿ 'ಷ್ಯಾಡೋಸ್' ಚಿತ್ರವನ್ನು ತೆಗೆದನು. ಕಪ್ಪು ಜನರ ಮನೆಯ ತಿಳಿಬಣ್ಣದ ಹುಡುಗಿಯನ್ನು ಬಿಳಿಯಳೆಂದೇ ಬಗೆದು ಒಲಿದ ತರುಣನು, ಅವಳ ಅಣ್ಣನನ್ನು ಕಂಡೊಡನೆ ಹಿಂಜರಿಯುವುದು ಅದರ ತಿರುಳು. ಮೊದಲ ರೂಪ ಆತನಿಗೇ ಒಪ್ಪಿಗೆಯಾಗಲಿಲ್ಲ. ಎಷ್ಟೋ ದೃಶ್ಯಗಳನ್ನು ಹೊಸದಾಗಿ ಬರೆದು 1959ರಲ್ಲಿ ಮತ್ತೆ ಚಿತ್ರಿಸಿದನು. ಮರುವರ್ಷ ವೆನಿಸ್ ಉತ್ಸವದಲ್ಲಿ ಅದಕ್ಕೆ ವಿಮರ್ಶಕರ ಬಹುಮಾನ ದೊರೆಯಿತು.

ಆಗ ಹಾಲಿವುಡ್ಡೇ ಕರೆಯಿತು. ಕರೆದದ್ದು ಕೈಕಟ್ಟಲಿಕ್ಕೆಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. 1963ರ 'ಎ ಚೈಲ್ಡ್ ಈಸ್ ವೇಟಿಂಗ್' ಚಿತ್ರದ ಸಂಕಲನವನ್ನು ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರನು ಆತನಿಂದ ಕಿತ್ತುಕೊಂಡನು. ಅಂದಿನಿಂದ ಕ್ಯಾಸವೆಟೀಸನ ದಾರಿ ನಿಚ್ಚಳವಾಯಿತು: ಪರರ ಚಿತ್ರಗಳಲ್ಲಿ ನಟಿಸಿ ಸಂಬಳ ಪಡೆಯುವುದು, ಆ ಸಂಬಳದಿಂದ ತನ್ನ ಚಿತ್ರ ತೆಗೆಯುವುದು. 'ದ ಡರ್ಟಿ ಡಜನ್'ನ ಸೈನಿಕನಾಗಿ ಆಸ್ಕರ್ ನಾಮನಿರ್ದೇಶನ ಪಡೆದಾಗಲೂ, 'ರೋಸ್‌ಮೇರೀಸ್ ಬೇಬಿ'ಯಲ್ಲಿ ಹೆಂಡತಿಯನ್ನೇ ವಂಚಿಸುವ ನಟನಾಗಿ ಕಾಣಿಸಿಕೊಂಡಾಗಲೂ ಆತನ ಮನಸ್ಸು ಬೇರೆಡೆ ಇದ್ದಿತು. ಸ್ವಂತ ಮನೆಯಲ್ಲಿಯೂ ಅತ್ತೆಯ ಮನೆಯಲ್ಲಿಯೂ ಚಿತ್ರಿಸಿ, ವರ್ಷಗಟ್ಟಲೆ ಕತ್ತರಿಸಿ ಜೋಡಿಸಿದ 'ಫೇಸಸ್' 1968ರಲ್ಲಿ ಹೊರಬಂದಾಗ ಮೂರು ಆಸ್ಕರ್ ನಾಮನಿರ್ದೇಶನಗಳು ಬಂದವು. ಅವುಗಳಲ್ಲಿ ಒಂದು ಚಿತ್ರಕಥೆಗೆ. ಈತನ ನಟರು ಬಾಯಿಗೆ ಬಂದಂತೆ ಮಾತಾಡುತ್ತಾರೆಂದು ನಂಬಿದವರಿಗೆ ಇದನ್ನು ನೆನಪಿಸಬೇಕು. ಮಾತುಗಳು ಬಹುಮಟ್ಟಿಗೆ ಬರೆದವೇ. ಅವನ್ನು ಹೇಗೆ ಆಡಬೇಕೆಂಬುದಷ್ಟೇ ನಟರ ಪಾಲಿನ ಸ್ವಾತಂತ್ರ್ಯ.

ಆದರೆ ಆತನ ಛಲಕ್ಕೆ ಒರೆಗಲ್ಲಾದದ್ದು 'ಎ ವುಮನ್ ಅಂಡರ್ ದ ಇನ್‌ಫ್ಲುಯೆನ್ಸ್'. ಜೀನಾಳಿಗಾಗಿ ನಾಟಕವೆಂದೇ ಅದನ್ನು ಬರೆಯತೊಡಗಿದ್ದನು. ದಿನವೂ ರಂಗದ ಮೇಲೆ ಆ ಪಾತ್ರವನ್ನು ಹೊತ್ತರೆ ತಾನು ಉಳಿಯಲಾರೆನೆಂದು ಆಕೆ ಹೇಳಿದ ಮೇಲೆ ಅದು ಚಿತ್ರಕಥೆಯಾಯಿತು. ಮೇಬಲ್ ಎಂಬ ಗೃಹಿಣಿ, ಕೂಲಿಕಾರರ ಮೇಸ್ತ್ರಿಯಾದ ಗಂಡ, ಮೂವರು ಮಕ್ಕಳು. ಎಲ್ಲರನ್ನೂ ಮೆಚ್ಚಿಸಲು ಹೆಣಗಿ ಹೆಣಗಿ ಆಕೆಯ ಚಿತ್ತ ಕದಡುತ್ತದೆ; ಆರು ತಿಂಗಳು ಆಸ್ಪತ್ರೆ ಸೇರುತ್ತಾಳೆ. ಅವಳನ್ನು ಪ್ರೀತಿಸುವ ಗಂಡನೇ ಕಳುಹಿಸಿದವನೆಂಬುದು ನೋಡುವವರ ಎದೆಯನ್ನು ಹಿಂಡುತ್ತದೆ.

ಇಂಥ ಕಥೆಗೆ ಹಣ ಹಾಕುವವರಾರು? ಮೂರು ಮಕ್ಕಳ ತಂದೆಯಾಗಿದ್ದ ಕ್ಯಾಸವೆಟೀಸನು ಇದ್ದ ಮನೆಯನ್ನು ಅಡವಿಟ್ಟನು. ಗಂಡನ ಪಾತ್ರ ವಹಿಸಿದ ಪೀಟರ್ ಫಾಕನೂ ತನ್ನ ಹಣ ಸುರಿದನು. ಜೀನಾಳ ತಾಯಿ ಮೇಬಲಳ ತಾಯಿಯಾದಳು, ಜಾನನ ತಾಯಿ ಮೇಬಲಳ ಅತ್ತೆಯಾದಳು! ಚಿತ್ರ ಮುಗಿದರೆ ಹಂಚಿಕೆದಾರರು ಮುಟ್ಟಲಿಲ್ಲ. ಆತನೇ ಚಿತ್ರಮಂದಿರಗಳ ಮಾಲೀಕರಿಗೆ ಒಬ್ಬೊಬ್ಬರಿಗಾಗಿ ದೂರವಾಣಿ ಮಾಡಿ 1974ರಲ್ಲಿ ಬಿಡುಗಡೆ ಮಾಡಿದನು. ಜನ ನೋಡಿದರು, ಹಾಕಿದ ಹಣ ಮರಳಿತು. ನಿರ್ದೇಶನಕ್ಕೂ ಜೀನಾಳ ಅಭಿನಯಕ್ಕೂ ಆಸ್ಕರ್ ನಾಮನಿರ್ದೇಶನವಾಯಿತು. ಪ್ರಶಸ್ತಿ ಎರಡೂ ಕೈತಪ್ಪಿದವು.

ಮುಂದಿನೆರಡು ಚಿತ್ರಗಳು ಸೋತವು. 1984ರ 'ಲವ್ ಸ್ಟ್ರೀಮ್ಸ್'ನಲ್ಲಿ ಅಣ್ಣ-ತಂಗಿಯರಾಗಿ ನಟಿಸಿದವರು ಈ ದಂಪತಿಗಳೇ. ಚಿತ್ರಣ ನಡೆದದ್ದು ಅವರ ಮನೆಯಲ್ಲೇ. ಬರ್ಲಿನ್ ಉತ್ಸವದ ಚಿನ್ನದ ಕರಡಿ ಅದಕ್ಕೆ ಸಂದಿತು. ಕುಡಿತದಿಂದ ಯಕೃತ್ತು ಕೆಟ್ಟು 1989ರ ಫೆಬ್ರವರಿ 3ರಂದು, 59ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.

ತೆರೆಗೆ ಬಾರದ ಹಲವು ಹಸ್ತಪ್ರತಿಗಳು ಉಳಿದಿದ್ದವು. ಅವುಗಳಲ್ಲೊಂದನ್ನು ಮಗ ನಿಕ್ 1997ರಲ್ಲಿ 'ಶೀ ಈಸ್ ಸೋ ಲವ್ಲಿ' ಎಂದು ಚಿತ್ರಿಸಿದನು. ಅದರಲ್ಲಿ ತಾಯಿ ಜೀನಾಳಿಗೂ ಒಂದು ಪಾತ್ರವಿದ್ದಿತು.