ಬಿಳುಪೇ ಚೆಲುವೆಂದು ಹೇಳಿದವರಾರು?

ಯಶವಂತಪುರದಿಂದ ಮೆಜೆಸ್ಟಿಕ್ ಕಡೆಗೆ ಮೆಟ್ರೋ ಹತ್ತಿದರೆ ಮೊದಲು ಸಿಗುವ ನಿಲ್ದಾಣದ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೊದಲ ಮಹಾಯುದ್ಧದ ದಿನಗಳಲ್ಲಿ ಹುಟ್ಟಿದ ಸರ್ಕಾರಿ ಸಾಬೂನು ಉದ್ಯಮ ಇದು. ಬಹುಕಾಲ ಈ ಸಾಬೂನು ತನ್ನ ಪರಿಮಳದಿಂದಲೂ ಪೊಟ್ಟಣದ ಮೇಲಿನ ಶರಭದ ಚಿತ್ರದಿಂದಲೂ ಮನೆಮನೆಗೆ ಪರಿಚಿತವಾಗಿತ್ತು.

2025ರ ಮೇ ತಿಂಗಳಲ್ಲಿ ಈ ಸಂಸ್ಥೆಗೆ ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ನೇಮಿಸಲಾಯಿತು. ಅವಧಿ ಎರಡು ವರ್ಷ, ಸಂಭಾವನೆ 6.20 ಕೋಟಿ ರೂಪಾಯಿ. ಕನ್ನಡದ ನಟಿಯರೇ ಇರಲಿಲ್ಲವೇ ಎಂದು ನಾಡಿನಲ್ಲಿ ದೊಡ್ಡ ಕೂಗೆದ್ದಿತು. ಕೂಗಿನಲ್ಲಿ ನ್ಯಾಯವಿತ್ತು. ಆದರೆ ಇನ್ನೊಂದು ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ಕನ್ನಡದವರೇ ಬಂದಿದ್ದರೂ ಆ ಮುಖ ಎಂಥದಿರುತ್ತಿತ್ತು? ಎಳೆಯ ವಯಸ್ಸು, ಬಿಳಿ ಮೈಬಣ್ಣ, ತೆಳು ಸೊಂಟ. 2006ರಲ್ಲಿ ಇದೇ ಸಾಬೂನಿಗೆ ಕ್ರಿಕೆಟ್ ಆಟಗಾರ ಧೋನಿ ರಾಯಭಾರಿಯಾಗಿದ್ದರು. ಆಗ ಅವರ ಬಣ್ಣದ ಮಾತು ಯಾರೂ ಎತ್ತಿದ ನೆನಪಿಲ್ಲ.

ಬಿಳುಪಿನ ಮೋಹವನ್ನು ಹುಟ್ಟುಹಾಕಿದ್ದು ಜಾಹೀರಾತು ಎಂದರೆ ಅದು ಪೂರ್ಣ ಸತ್ಯವಾಗದು. ಹೆಣ್ಣು ನೋಡಲು ಹೋದವರು 'ಹುಡುಗಿ ಬಣ್ಣ ಸ್ವಲ್ಪ ಕಡಿಮೆ' ಎಂದು ಹೇಳಿಕಳಿಸುವ ರೂಢಿ ಟೆಲಿವಿಷನ್ನಿಗಿಂತ ಹಳೆಯದು. 'ಎಣ್ಣೆಗೆಂಪು' ಎಂಬ ಚೆಂದದ ಮಾತು ನಮ್ಮಲ್ಲಿದೆ. ಅದನ್ನೂ ಕಪ್ಪನ್ನು ಮರೆಮಾಚಲು ಬಳಸಿದವರು ನಾವೇ. ಜಾಹೀರಾತು ಮಾಡಿದ್ದು, ಇದ್ದ ಅಳುಕಿಗೆ ಬೆಲೆಚೀಟಿ ಅಂಟಿಸಿದ್ದು.

ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಒಂದು ಜಾಹೀರಾತಿನ ಕಥೆ ನಿಮಗೂ ನೆನಪಿರಬಹುದು. ಗಂಡು ಮಗುವಾಗಿದ್ದರೆ ಎಂದು ತಂದೆ ನಿಟ್ಟುಸಿರು ಬಿಡುತ್ತಾನೆ. ಮಗಳು ಕ್ರೀಮ್ ಹಚ್ಚಿ ಬೆಳ್ಳಗಾಗಿ ಗಗನಸಖಿಯಾಗುತ್ತಾಳೆ. ಮನೆಯ ಕಷ್ಟ ಕಳೆಯುತ್ತದೆ. ಅವಳ ಓದು, ಅವಳ ಜಾಣತನ ಕಥೆಯಲ್ಲಿ ಬರುವುದೇ ಇಲ್ಲ. ಮಹಿಳಾ ಸಂಘಟನೆಗಳ ದೂರಿನಿಂದ 2003ರಲ್ಲಿ ಅದು ತೆರೆಯಿಂದ ಮರೆಯಾಯಿತು. 2020ರಲ್ಲಿ ಕ್ರೀಮಿನ ಹೆಸರಿನಲ್ಲಿದ್ದ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ಬದಲಾಯಿತು, ಟ್ಯೂಬು ಉಳಿಯಿತು. ದೂರದರ್ಶನವೂ 1976ರಿಂದ ಜಾಹೀರಾತು ಪ್ರಸಾರ ಮಾಡುತ್ತ ಬಂದಿದೆ. ಹೀಗಾಗಿ ಈ ಮಾತು ನಮಗೂ ಅನ್ವಯಿಸುತ್ತದೆ.

ಅಳತೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೇಲೂರಿನ ಮದನಿಕೆಯರನ್ನು ಒಮ್ಮೆ ಕಣ್ತುಂಬ ನೋಡಿ. ತುಂಬಿದ ತೊಡೆ, ದುಂಡು ತೋಳು, ಮಡಿಕೆ ಬಿದ್ದ ಹೊಟ್ಟೆ. ಇಂದಿನ ರೂಪದರ್ಶಿಯರ ಸಾಲಿನಲ್ಲಿ ಅವರಿಗೆ ಜಾಗ ಸಿಗುವುದು ಅನುಮಾನ. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳೂ ರೈತ ಸಂಘವೂ ಬೀದಿಗಿಳಿದವು. ಸಂಸ್ಕೃತಿ ಕೆಡುತ್ತದೆ ಎಂದವರು ಕೆಲವರು, ಹೆಣ್ಣು ಮಾರಾಟದ ಸರಕಾಗುತ್ತಾಳೆ ಎಂದವರು ಕೆಲವರು. ಇವೆರಡೂ ಒಂದೇ ವಾದವಲ್ಲ. ಮೊದಲಿನವರಿಗೆ ಹೆಣ್ಣಿನ ಮೈ ಮುಚ್ಚಿರಬೇಕು, ಎರಡನೆಯವರಿಗೆ ಆಕೆಯ ಮೈಗೆ ಯಾರೂ ಅಂಕ ಹಾಕಬಾರದು. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದಾಗ ಮೊದಲಿನವರಿಗೆ ಅಷ್ಟಿಷ್ಟು ಸಮಾಧಾನವಾಗಿರಬಹುದು. ಅಂಕ ಹಾಕುವುದಂತೂ ಅಲ್ಲಿಯೂ ನಡೆಯಿತು.

ಈಗ ಮನೆಯೊಳಗಿನ ಮಾತಿಗೆ ಬರೋಣ. ಯಲಹಂಕವಿರಲಿ, ಆರ್.ಟಿ. ನಗರವಿರಲಿ, ಮದುವೆಗೆ ಮುಂಚೆ ಬೇಗ ಬೆಳ್ಳಗಾಗಬೇಕೆಂದು ಗೆಳತಿ ಹೇಳಿದ ಮುಲಾಮನ್ನು ಔಷಧಿ ಅಂಗಡಿಯಲ್ಲಿ ಕೇಳಿ ತರುವವರು ಇದ್ದಾರೆ. ಇಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಕೆಂಪಗೆ ಕಾಣುತ್ತವೆ, ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಉರಿ ಹೆಚ್ಚುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ನಿಮ್ಮ ಮನೆಯ ಕನ್ನಡಿಯ ಬಳಿ ಅಂಥ ಟ್ಯೂಬು ಇದ್ದರೆ ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ಬಹಳ ದಿನಗಳಿಂದ ಹಚ್ಚುತ್ತಿದ್ದವರು ತಾವಾಗಿಯೇ ಏಕಾಏಕಿ ಬಿಡದೆ ಟ್ಯೂಬನ್ನು ಕೈಯಲ್ಲಿ ಹಿಡಿದು ಚರ್ಮರೋಗ ವೈದ್ಯರ ಬಳಿಗೆ ಹೋಗುವುದು ಒಳ್ಳೆಯದು. ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಿಭಾಗವಿದೆ.