ಹೊಸ ಮೀನುಗಳ ಪ್ರತ್ಯೇಕವಾಸ ಹಾಗೂ ರೋಗೋಪಚಾರ

ಶಿರಸಿ ಸೀಮೆಯ ಮತ್ತಿಘಟ್ಟದಂತಹ ಘಟ್ಟದ ಗ್ರಾಮಗಳಲ್ಲಿ ಅಡಿಕೆ ತೋಟಕ್ಕೆ ನೀರೊದಗಿಸುವ ಕೆರೆ-ಹೊಂಡಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮೊದಲಾದ ಮೀನುಗಳನ್ನು ಬಿಡುವುದುಂಟು. ಶೋಭೆಗಾಗಿ ಬಣ್ಣದ ಮೀನುಗಳನ್ನು ಸಾಕುವವರೂ ಇರುವರು. ಮರಿಗಳನ್ನು ತಂದ ದಿನವೇ ಕೆರೆಗೆ ಬಿಟ್ಟುಬಿಡುವುದು ಸಾಮಾನ್ಯ ಪದ್ಧತಿ. ರೋಗವು ಕೆರೆಯನ್ನು ಸೇರುವುದು ಬಹುಮಟ್ಟಿಗೆ ಈ ದಾರಿಯಿಂದಲೇ. ತೊಟ್ಟಿಯಲ್ಲಿರುವ ಮೀನಿಗೆ ಉಪಚಾರ ಮಾಡಬಹುದು. ಕೆರೆಯಲ್ಲಿ ಹರಡಿದ ರೋಗಕ್ಕೆ ಉಪಚಾರವು ಅತಿ ಕಷ್ಟ. ಆದುದರಿಂದ ಹೊಸ ಮೀನನ್ನು ಮೂರು ವಾರಗಳ ಕಾಲ ಬೇರೆ ಇರಿಸತಕ್ಕದ್ದು.

ಮೂರು ವಾರಗಳೇಕೆ?

ಮೀನಿನ ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಏಳುವುದುಂಟು. ಇಕ್ತಿಯೋಫ್ತಿರಿಯಸ್ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣ. ಇದು ಚರ್ಮದ ಒಳಗೆ ಬೆಳೆದು, ಬಲಿತ ಮೇಲೆ ಕಳಚಿ ತಳಕ್ಕೆ ಬೀಳುವುದು. ಅಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುವುದು. ಈ ಮರಿಗಳು ನೀರಿನಲ್ಲಿ ಈಜುತ್ತ ಬೇರೊಂದು ಮೀನನ್ನು ಹುಡುಕುವುವು. ಔಷಧವು ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿದ್ದುದಕ್ಕೂ ಕೋಶದೊಳಗಿದ್ದುದಕ್ಕೂ ಅದು ತಟ್ಟದು. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಈ ಚಕ್ರವು ಸುಮಾರು ಒಂದು ವಾರದಲ್ಲಿ ಮುಗಿಯುವುದು. ಮಳೆಗಾಲದ ತಣ್ಣೀರಿನಲ್ಲಿ ಹೆಚ್ಚು ದಿನ ಹಿಡಿಯುವುದು. ಚುಕ್ಕೆಗಳು ಮಾಯವಾದವೆಂದು ಔಷಧವನ್ನು ನಿಲ್ಲಿಸಿದರೆ ರೋಗವು ಮರಳುವುದು ಇದರಿಂದಲೇ. ನಡುವೆ ರೋಗ ಕಂಡರೆ, ಅದು ಗುಣವಾದ ದಿನದಿಂದ ಮೂರು ವಾರಗಳನ್ನು ಹೊಸದಾಗಿ ಎಣಿಸತಕ್ಕದ್ದು.

ತೊಟ್ಟಿಯ ವ್ಯವಸ್ಥೆ

ನೆರಳಿನಲ್ಲಿ, ಕೆರೆಗಿಂತ ದೂರದಲ್ಲಿ, ಒಂದು ಸಿಮೆಂಟ್ ತೊಟ್ಟಿಯನ್ನಾಗಲಿ ಪ್ಲಾಸ್ಟಿಕ್ ಪೀಪಾಯಿಯನ್ನಾಗಲಿ ಇರಿಸಬಹುದು. ಹೊಸ ಸಿಮೆಂಟ್ ತೊಟ್ಟಿಯಾದರೆ ಹಲವು ಸಲ ನೀರು ತುಂಬಿಸಿ ಚೆಲ್ಲಿ, ಸುಣ್ಣದ ಸತ್ವ ಹೋಗಲಾಡಿಸಬೇಕು. ತಳದಲ್ಲಿ ಮಣ್ಣು, ಮರಳು ಇರಕೂಡದು. ಗಾಳಿಯಾಡಿಸುವ ಸಣ್ಣ ಯಂತ್ರವಿದ್ದರೆ ಉತ್ತಮ. ಇಲ್ಲದಿದ್ದರೆ ಮೀನಿನ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಆಹಾರವನ್ನು ಮಿತವಾಗಿ ಕೊಟ್ಟು, ಉಳಿದುದನ್ನು ತೆಗೆಯಬೇಕು; ಕೊಳೆತ ಆಹಾರವೂ ಮೀನಿನ ಮಲವೂ ನೀರಿನಲ್ಲಿ ಅಮೋನಿಯವನ್ನು ಹುಟ್ಟಿಸಿ, ರೋಗಕ್ಕಿಂತ ಮೊದಲೇ ಮೀನನ್ನು ಕೊಲ್ಲಬಲ್ಲವು. ಪ್ರತಿದಿನ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸತಕ್ಕದ್ದು. ತೊಟ್ಟಿಯ ಬಲೆಯನ್ನು ಕೆರೆಗೆ ಬಳಸಕೂಡದು. ತೊಟ್ಟಿಯ ನೀರನ್ನು ಕೆರೆಯತ್ತ ಇಳಿಯದಂತೆ ಚೆಲ್ಲಬೇಕು.

ಉಪ್ಪಿನ ಉಪಚಾರ

ಸಿಹಿನೀರಿನ ಮೀನಿಗೆ ಸುಲಭವಾದ ಔಷಧವು ಅಡಿಗೆಯ ಕಲ್ಲುಪ್ಪು. 100 ಲೀಟರ್ ನೀರಿಗೆ 300 ಗ್ರಾಂ ಉಪ್ಪನ್ನು ಕರಗಿಸಿ, ಒಂದೇ ಸಲಕ್ಕೆ ಸುರಿಯದೆ, ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸತಕ್ಕದ್ದು. 25 ಲೀಟರ್ ನೀರು ಬದಲಿಸಿದಾಗ ಹೊಸ ನೀರಿಗೆ 75 ಗ್ರಾಂ ಉಪ್ಪು ಬೀಳಬೇಕು. ಮೈಮೇಲಿನ ಸೂಕ್ಷ್ಮಜೀವಿಗಳು ಹೆಚ್ಚಾಗಿದ್ದರೆ, 10 ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ, ಮೀನನ್ನು ಕೆಲವೇ ನಿಮಿಷ ಅದ್ದಬಹುದು. ಮೀನು ಮಗ್ಗುಲಾಗುವ ಲಕ್ಷಣ ಕಂಡೊಡನೆ ತೆಗೆಯಬೇಕು. ಮೀನುಹೇನು ಬರಿಗಣ್ಣಿಗೆ ಕಾಣುವಂತಹದು. ಅದು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ, ತೊಟ್ಟಿಯಲ್ಲಿ ಬಿದಿರಿನ ತುಂಡುಗಳನ್ನಿಟ್ಟು, ಆಗಾಗ ತೆಗೆದು ಬಿಸಿಲಿಗೆ ಒಣಗಿಸತಕ್ಕದ್ದು.

ಸಮುದ್ರದ ಮೀನಿಗೆ ಈ ನಿಯಮವು ತಿರುವುಮುರುವು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದು. ಅಲ್ಲಿಯ ಮೀನಿನ ಮೈಗೆ ಅಂಟುವ ಚಪ್ಪಟೆ ಹುಳುಗಳನ್ನು ಬಿಡಿಸಲು ಮೀನನ್ನು ಸಿಹಿನೀರಿನಲ್ಲಿ ಕೆಲವು ನಿಮಿಷ ಅದ್ದುವರು. ನಮ್ಮ ಜಿಲ್ಲೆಯ ಕಾರವಾರದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಕೇಂದ್ರವು ಸಾಕಿರುವ ಕೋಬಿಯಾ, ಸೀಬಾಸ್ ಮೀನುಗಳು ಈ ವರ್ಗದವು. ತನಗೆ ಒಗ್ಗದ ನೀರನ್ನು ದೊಡ್ಡ ಮೀನು ಸ್ವಲ್ಪ ಹೊತ್ತು ತಾಳಬಲ್ಲುದು, ಸೂಕ್ಷ್ಮಜೀವಿಯು ತಾಳಲಾರದು. ಎರಡು ಉಪಚಾರಗಳಿಗೂ ತತ್ವವೊಂದೇ.

ಮೈಲುತುತ್ತದ ವಿಷಯದಲ್ಲಿ ಎಚ್ಚರಿಕೆ

ಗಾಜಿನ ತೊಟ್ಟಿಯ ಸಮುದ್ರ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧವನ್ನು ಬಳಸುವುದುಂಟು. ಇದನ್ನು ಕೇಳಿ, ಮನೆಯಲ್ಲಿರುವ ಮೈಲುತುತ್ತವನ್ನು ಕೆರೆಗೆ ಹಾಕಲು ಹೊರಡುವುದು ಅಪಾಯಕರ. ಸಮುದ್ರದ ನೀರಿನಲ್ಲಿ ತಾಮ್ರದ ಪ್ರಮಾಣವು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮಾತ್ರ. ಅದನ್ನೂ ದಿನದಿನವೂ ಅಳೆಯಬೇಕು. ಕೊಳೆರೋಗಕ್ಕೆ ನಾವು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 2500 ಮಿಲಿಗ್ರಾಂ ತಾಮ್ರವಿದೆ. ಸುಣ್ಣವು ಅದನ್ನು ಬಹುಮಟ್ಟಿಗೆ ಹಿಡಿದಿಟ್ಟುಕೊಂಡರೂ ಪೂರ್ತಿ ನಿರಪಾಯವಲ್ಲ. ಅಲ್ಲದೆ, ಸುಣ್ಣದ ಅಂಶ ಕಡಿಮೆಯಿರುವ ಮಲೆನಾಡಿನ ಮೆದು ನೀರಿನಲ್ಲಿ ತಾಮ್ರದ ವಿಷವು ಮೀನಿಗೆ ಇನ್ನೂ ತೀವ್ರವಾಗುವುದು. ಕೊಳೆ ಔಷಧವನ್ನು ಕೆರೆಯ ದಡದಲ್ಲಿ ಕಲಸಕೂಡದು. ಹಂಡೆ, ಪಂಪುಗಳನ್ನು ಕೆರೆಯಲ್ಲಿ ತೊಳೆಯಕೂಡದು.

ಹುಣ್ಣು ರೋಗ

ಮೈಮೇಲೆ ಕೆಂಪು ಕಲೆಯೆದ್ದು ಮಾಂಸದ ತನಕ ಕೊರೆಯುವ ಹುಣ್ಣು ರೋಗವು 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು, ಮುಂದೆ ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿತು. ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿಯು ಇದಕ್ಕೆ ಮೂಲ. ನೀರು ತಣ್ಣಗಾಗುವ ಕಾಲದಲ್ಲಿ ಇದರ ಹಾವಳಿ ಹೆಚ್ಚು. ಇಂತಹ ಮೀನನ್ನು ಕೆರೆಗೆ ಬಿಡಲೇಕೂಡದು. ಸತ್ತುದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ತಾಲೂಕಿನ ಮೀನುಗಾರಿಕೆ ಇಲಾಖೆಗೆ ತಿಳಿಸತಕ್ಕದ್ದು.

ಒಂದು ತೊಟ್ಟಿ, ಒಂದು ಪ್ರತ್ಯೇಕ ಬಲೆ, ಕೆಲವು ಕಿಲೋ ಉಪ್ಪು ಹಾಗೂ ಮೂರು ವಾರಗಳ ತಾಳ್ಮೆ: ಇಷ್ಟರಿಂದಲೇ ಕೆರೆಯ ಹಳೆಯ ಮೀನುಗಳೆಲ್ಲವನ್ನೂ ರಕ್ಷಿಸಬಹುದಾಗಿದೆ.