ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್: ಲಾಭವೇನು, ಯಾರಿಗೆ ಸೂಕ್ತ?

ವಿಜಯಪುರ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಈ ಭಾಗದ ನಿತ್ಯದ ಊಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ದವಡೆ ಹಲ್ಲು ಕಳೆದುಕೊಂಡವರು ಮೊದಲು ದೂರವಾಗುವುದು ಈ ಊಟದಿಂದಲೇ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವುದು ವಯಸ್ಸಿನ ಸಹಜ ಲಕ್ಷಣವೆಂದು ಅನೇಕರು ಸುಮ್ಮನಾಗುತ್ತಾರೆ. ಆದರೆ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಹಲ್ಲಿಲ್ಲದ ಜಾಗದ ಮೂಳೆ ಕ್ರಮೇಣ ಸವೆಯುತ್ತದೆ. ಪಕ್ಕದ ಹಲ್ಲುಗಳು ಆ ಕಡೆಗೆ ವಾಲುತ್ತವೆ.

ಏನಿದು ಇಂಪ್ಲಾಂಟ್?

ದವಡೆಯ ಮೂಳೆಯಲ್ಲಿ ಟೈಟೇನಿಯಂ ಲೋಹದ ಚಿಕ್ಕ ತಿರುಪನ್ನು ಕೂರಿಸಿ, ಅದರ ಮೇಲೆ ಕೃತಕ ಹಲ್ಲನ್ನು ಜೋಡಿಸುವ ವಿಧಾನವೇ ಡೆಂಟಲ್ ಇಂಪ್ಲಾಂಟ್. ಟೈಟೇನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ವಿಜ್ಞಾನಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಮೇಲಿನ ಪ್ರಯೋಗದ ವೇಳೆ ಕಂಡುಕೊಂಡರು. 1965ರಲ್ಲಿ ಅವರು ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿದರು. ಮೂಳೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು.

ಪ್ರಯೋಜನಗಳು

ಬ್ರಿಡ್ಜ್ ವಿಧಾನದಲ್ಲಿ ಹಲ್ಲು ಕಟ್ಟಿಸಿಕೊಳ್ಳಲು ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಅರೆಯಬೇಕಾಗುತ್ತದೆ. ಇಂಪ್ಲಾಂಟಿನಲ್ಲಿ ಅದರ ಅಗತ್ಯವಿಲ್ಲ. ತೆಗೆದು ಹಾಕುವ ಹಲ್ಲಿನ ಸೆಟ್ಟಿನಂತೆ ಅದು ಜಾರುವುದಿಲ್ಲ, ಅಗಿಯುವ ಬಲವೂ ಹೆಚ್ಚು. ಅಗಿಯುವ ಒತ್ತಡ ಮೂಳೆಗೆ ತಲುಪುವುದರಿಂದ ಅದರ ಸವೆತ ಕಡಿಮೆಯಾಗುತ್ತದೆ. ಸರಿಯಾಗಿ ಆರೈಕೆ ಮಾಡಿದ ಇಂಪ್ಲಾಂಟುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು 10 ವರ್ಷಗಳ ನಂತರವೂ ಉಳಿದಿರುತ್ತವೆ.

ಎಲ್ಲರಿಗೂ ಹೊಂದದು

ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇರುವವರಲ್ಲಿ ಗಾಯ ಮಾಯುವುದು ನಿಧಾನ. ಬೀಡಿ, ಸಿಗರೇಟು ಸೇವನೆ ಇಂಪ್ಲಾಂಟ್ ಸಡಿಲಗೊಳ್ಳುವ ಅಪಾಯವನ್ನು ಹೆಚ್ಚಿಸುತ್ತದೆ. ಗುಟ್ಕಾ, ತಂಬಾಕು ಒಸಡಿಗೆ ಹಾನಿಕರ. ಮೂಳೆ ಸವೆತಕ್ಕೆ ಔಷಧ ಸೇವಿಸುವವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ದವಡೆಯ ಬೆಳವಣಿಗೆ ಮುಗಿಯದ ಮಕ್ಕಳಿಗೆ ಈ ಚಿಕಿತ್ಸೆ ಸಲ್ಲದು.

ಈ ಭಾಗಕ್ಕೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದೆ. ಬಾಲ್ಯದಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಮೂಡುತ್ತವೆ. ಕಲೆ ಇದೆಯೆಂಬ ಒಂದೇ ಕಾರಣಕ್ಕೆ ಗಟ್ಟಿ ಹಲ್ಲನ್ನು ಕೀಳಿಸಿ ಇಂಪ್ಲಾಂಟ್ ಹಾಕಿಸುವುದು ಸರಿಯಲ್ಲ. ಕಲೆಗೆ ಬೇರೆ ಸರಳ ಚಿಕಿತ್ಸೆಗಳಿವೆ.

ಖರ್ಚು, ಓಡಾಟ

ಇಂಪ್ಲಾಂಟ್ ದುಬಾರಿ. ಹಲವು ಭೇಟಿಗಳೂ ಬೇಕು. ಮುದ್ದೇಬಿಹಾಳದಿಂದ ವಿಜಯಪುರ ಸುಮಾರು 80 ಕಿ.ಮೀ. ದೂರವಿದ್ದು, ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಚಿಕಿತ್ಸೆ ಆರಂಭಿಸುವ ಮುನ್ನ ಒಟ್ಟು ವೆಚ್ಚ, ಭೇಟಿಗಳ ಸಂಖ್ಯೆ ಮತ್ತು ಬಳಸುವ ಇಂಪ್ಲಾಂಟಿನ ಕಂಪನಿಯ ಹೆಸರನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು. ವಿಜಯಪುರದಲ್ಲಿ ಅಲ್ ಅಮೀನ್ ದಂತ ವೈದ್ಯಕೀಯ ಕಾಲೇಜು ಇದ್ದು, ಅಲ್ಲಿಯೂ ವಿಚಾರಿಸಬಹುದು. ಹಲ್ಲೇ ಇಲ್ಲದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಒದಗಿಸಲು ರಾಜ್ಯ ಸರ್ಕಾರ 2014-15ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಇಂಪ್ಲಾಂಟ್ ಕೈಗೆಟುಕದಿದ್ದರೆ ಸೆಟ್ಟು ಅಥವಾ ಬ್ರಿಡ್ಜ್ ಕೂಡ ಉಪಯುಕ್ತವೇ.

ಯಾವ ವಿಧಾನವೇ ಇರಲಿ, ವಿಳಂಬ ಮಾತ್ರ ಸಲ್ಲದು. ವರ್ಷಗಟ್ಟಲೆ ತಡ ಮಾಡಿದರೆ ತಿರುಪು ಕೂರಿಸಲು ಸಾಕಷ್ಟು ಮೂಳೆಯೇ ಉಳಿಯದೆ, ಮೂಳೆ ತುಂಬಿಸುವ ಮತ್ತೊಂದು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದೀತು. ಹಲ್ಲು ಕೀಳಿಸಿದ ದಿನವೇ ಮುಂದೇನೆಂದು ವೈದ್ಯರನ್ನು ಕೇಳುವುದು ಲೇಸು.